ಡೈರಿ ಸಭೆಯಲ್ಲಿ ಎತ್ತಿದ ಕೈ

ನನ್ನ ಬಿಳಿ ಅಂಗಿಯ ಕಂಕುಳಲ್ಲಿ ಬೆವರೂ ಸೆಂಟೂ ಸೇರಿ ಹಳದಿ ಕಲೆ ಕಟ್ಟಿತ್ತು. ನಮ್ಮೂರ ಡೈರಿಯ ಸಭೆಗೆ ಬೇಕೆಂದು ಮದ್ದೂರಿನ ಲಾಂಡ್ರಿಗೆ ಕೊಟ್ಟೆ. ವಾಪಸ್ ಬಂದಾಗ ಕಲೆ ಇನ್ನೂ ಗಾಢವಾಗಿತ್ತು.

"ಏನು ಹಾಕಿದೆಯಪ್ಪ?"

"ಬ್ಲೀಚು ಸಾ. ಓಗ್ನಿಲ್ಲ ಅಂತ ಇನ್ನೊಂದ್ಸಲ ಆಕ್ದೆ," ಎಂದ ಲಾಂಡ್ರಿಯವನು.

"ಬ್ಲೀಚಿಗೆ ಈ ಕಲೆ ಹೆಚ್ಚಾಗುತ್ತೆ ಕಣಯ್ಯ."

"ಅಂಗಾರೆ ಕೈ ಎತ್ಬ್ಯಾಡಿ ಬುಡಿ."

ನಮ್ಮ ಡೈರಿಯಲ್ಲಿ ಎಲ್ಲವೂ ಕೈ ಎತ್ತಿಯೇ ತೀರ್ಮಾನವಾಗುವುದು. ಅಂದು ಹಾಲು ಅಳೆಯುವ ಜಾಗವನ್ನು ಊರ ನಡುವಿನಿಂದ ಅಧ್ಯಕ್ಷರ ಕೊಟ್ಟಿಗೆ ಪಕ್ಕಕ್ಕೆ ಸಾಗಿಸುವ ಮಾತು. ಹಾಗಾದರೆ ಮಂಡಿ ನೋವಿನ ನಮ್ಮವ್ವ ದಿನಾ ಕ್ಯಾನು ಹಿಡಿದು ಊರಾಚೆ ನಡೆಯಬೇಕು. ಬೇಡ ಅನ್ನುವವರು ಕೈ ಎತ್ತಿ ಎಂದಾಗ ನಾನೊಬ್ಬನೇ ಎತ್ತಿದೆ.

ಅಧ್ಯಕ್ಷರು ಕಣ್ಣು ಕಿರಿದು ಮಾಡಿ, "ಇದೇನ್ಲಾ, ಕಂಕುಳ್ಗೆ ಅರಿಸ್ನ ಮೆತ್ಕಂಡಿದ್ದೀಯ? ಮದ್ವೆ ಗಿದ್ವೆ ಗೊತ್ತಾಯ್ತಾ?" ಎಂದರು.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ನಗುವಿನಲ್ಲೇ ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ನನ್ನ ವಿರೋಧವನ್ನು ಮನರಂಜನೆ ಎಂದು ಪರಿಗಣಿಸಲಾಯಿತು.

ಅಡುಗೆ ಸೋಡವನ್ನು ನೀರಲ್ಲಿ ಕಲಸಿ ಹಚ್ಚಿ, ಹಳೆ ಬ್ರಷ್ಷಿನಿಂದ ತಿಕ್ಕಿದ ಮೇಲೆ ಅಂಗಿ ಬೆಳ್ಳಗಾಯಿತು. ಅದನ್ನು ತೊಟ್ಟು ಅಧ್ಯಕ್ಷರ ಹತ್ತಿರ ಹೋಗಿ, ಇನ್ನೊಮ್ಮೆ ಕೈ ಎತ್ತಲು ಅವಕಾಶ ಕೇಳಿದೆ. ಮುಂದಿನ ಸಭೆ ಮುಂದಿನ ವರ್ಷವಂತೆ. ಸದ್ಯಕ್ಕೆ ಅವ್ವನ ಬದಲು ಕ್ಯಾನು ಹೊರುತ್ತಿರುವವನು ನಾನು, ಕರಿ ಅಂಗಿ ತೊಟ್ಟು.