ಕುರಿ ಹಿಂಡಿಗೊಂದು ಆ್ಯಪ್

ಸಿಂದಗಿಯ ಬಳೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ನಾನೂ ನನ್ನ ಗೆಳತಿಯೂ ಮೊಬೈಲ್ ಆ್ಯಪ್ ಮಾಡಿಕೊಡುವ ಕೆಲಸ ಶುರು ಮಾಡಿದ್ದೆವು. ಅಂಗಡಿ ಅವಳ ಅಬ್ಬಾನದು. ಕೋಣೆಗೆ ಬಾಡಿಗೆ ಇರಲಿಲ್ಲ. ಆದರೆ ರಂಜಾನ್, ಪಂಚಮಿ ಬಂದರೆ ಕೆಳಗಿಳಿದು ಹೆಣ್ಣುಮಕ್ಕಳಿಗೆ ಬಳೆ ಇಡಿಸಬೇಕಿತ್ತು.

ಒಮ್ಮೆ ಬಸವನ ಬಾಗೇವಾಡಿಯಿಂದ ಪಶುವೈದ್ಯೆಯೊಬ್ಬರು ಬಂದರು. ಊರೂರು ತಿರುಗುವ ಕುರಿಗಾರರು ಜಡ್ಡಾದ ಕುರಿಯ ಫೋಟೊ ತೆಗೆದು, ಬಾಯಲ್ಲೇ ಹೇಳಿ ಕಳಿಸುವಂಥ ಆ್ಯಪ್ ಅವರಿಗೆ ಬೇಕಿತ್ತು. “ವಾಟ್ಸಾಪಿನ್ಯಾಗ ಎಲ್ಲಾ ಕಲಸಿ ಹೋಗ್ತಾವ್ರಿ. ಯಾವ ಹಿಂಡಿನ ಕುರಿ ಯಾವುದಂತ ತಿಳಿಯಂಗಿಲ್ಲ” ಎಂದರು.

ಅವರು ಹೋದದ್ದೇ ತಡ, ನಮ್ಮ ಜಗಳ ಶುರುವಾಯಿತು.

“ಕುರಿಗಾರ್ರ ಹಂತೇಕ ಇರೂದು ಹಳೇ ಆಂಡ್ರಾಯ್ಡ್. ಆ ಫೋನಿಗಂತನ ನೇಟಿವ್ ಬರದ್ರ ಹಗುರ ಇರ್ತೈತಿ, ಲಗೂ ತೆರೀತೈತಿ” ಎಂದಳು ಗೆಳತಿ.

“ನಾಳಿ ಯಾರರ ಐಫೋನ್ ತಂದ್ರ? ಮತ್ತ ಮೊದಲಿಂದ ಬರೀತಿಯೇನ? ಕ್ರಾಸ್-ಪ್ಲಾಟ್‌ಫಾರ್ಮ್ ಮಾಡೂಣು. ಒಮ್ಮೆ ಬರದ್ರ ಎರಡರಾಗೂ ಓಡ್ತೈತಿ.”

“ಕುರಿ ಕಾಯಾಕ ಐಫೋನ್ ಯಾರ ಒಯ್ತಾರ?”

ಚಹಾ ತಂದ ಅವಳ ಅಬ್ಬಾ ಸ್ವಲ್ಪ ಹೊತ್ತು ಕೇಳಿಸಿಕೊಂಡರು. “ಇಬ್ಬರೂ ಒಂದೊಂದು ಮಾಡ್ರಿ. ಜಗಳಕ್ಕಿಂತ ಲಗೂ ಮುಗೀತೈತಿ” ಎಂದು ಇಳಿದುಹೋದರು.

ಹಾಗೇ ಮಾಡಿದೆವು. ಎರಡೂ ತಯಾರಾದ ಮೇಲೆ ವೈದ್ಯೆ ನಮ್ಮನ್ನು ಮುದ್ದೇಬಿಹಾಳದ ಕಡೆ ಕರೆದೊಯ್ದರು. ಜೋಳ ಕೊಯ್ದ ಹೊಲದಲ್ಲಿ ಹಿಂಡು ಬೀಡುಬಿಟ್ಟಿತ್ತು. ಹಿಂಡಿನ ಯಜಮಾನಿ ಒಬ್ಬ ವಯಸ್ಸಾದ ಆಯಿ, ಅವಳ ಫೋನಿನ ಗಾಜು ಒಡೆದಿತ್ತು. ಅದರಲ್ಲಿ ಮೊದಲು ನನ್ನ ಆ್ಯಪ್ ತೆರೆದೆ. ತೆರೆಯ ನಡುವೆ ಗಾಲಿ ತಿರುಗಿತು, ತಿರುಗುತ್ತಲೇ ಇತ್ತು.

“ನಿಮ್ಮದು ಬರೂತನಾ ಮಜ್ಜಿಗಿ ಕುಡೀರಿ” ಎಂದು ಆಯಿ ತಂಬಿಗೆ ಮುಂದಿಟ್ಟಳು.

ಗೆಳತಿಯ ಆ್ಯಪ್ ಮುಟ್ಟಿದ ಕೂಡಲೇ ತೆರೆಯಿತು. ಆಯಿ ಒಂದು ಮರಿಯ ಫೋಟೊ ಹೊಡೆದು, ಅದರ ಕಾಲು ಕುಂಟುವುದನ್ನು ಹೇಳಿ ಕಳಿಸಿಯೂ ಬಿಟ್ಟಳು. ಗೆಳತಿ ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ನಾನು ಮಜ್ಜಿಗೆ ಕುಡಿದೆ.

“ಬಂತೇನ ನೋಡೂಣು” ಎಂದು ವೈದ್ಯೆ ಚೀಲದಿಂದ ತಮ್ಮ ಫೋನ್ ತೆಗೆದರು. ಅದು ಐಫೋನು, ದುಬೈಯಲ್ಲಿರುವ ತಮ್ಮ ಕಳಿಸಿದ್ದಂತೆ. ಅವರ ಫೋನು ಯಾವುದೆಂದು ನಾವಿಬ್ಬರೂ ಕೇಳಿಯೇ ಇರಲಿಲ್ಲ.

“ಅಲ್ರೀ, ಅವರು ಕಳಿಸಿದ್ದನ್ನ ನಾ ಎದರಾಗ ನೋಡ್ಲಿ?”

ಆಂಡ್ರಾಯ್ಡಿಗೆಂದೇ ಬರೆದ ಗೆಳತಿಯ ಆ್ಯಪ್ ಐಫೋನಿನಲ್ಲಿ ಓಡುವಂತಿರಲಿಲ್ಲ. ಅವಳ ಹುಬ್ಬು ಇಳಿಯಿತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕಾರಣ ತಿಳಿಯದಿದ್ದರೂ ಆಯಿ ನಮಗಿಂತ ಜೋರಾಗಿ ನಕ್ಕಳು.

ವಾಪಸ್ ಬರುವ ಬಸ್ಸಿನಲ್ಲಿ ತೀರ್ಮಾನವಾಯಿತು. ಎರಡೂ ಫೋನಿಗೆ ಓಡುವ ನನ್ನದನ್ನೇ ಇಟ್ಟುಕೊಳ್ಳುವುದು. ಆದರೆ ನಾನು ಮೆಚ್ಚಿ ತುಂಬಿ ಆ್ಯಪನ್ನು ಭಾರ ಮಾಡಿದ್ದ ಕುಣಿಯುವ ಚಿತ್ರಗಳನ್ನೆಲ್ಲ ಕಿತ್ತುಹಾಕುವುದು. ಫೋಟೊ ತೆಗೆಯುವ, ದನಿ ಹಿಡಿಯುವ ಭಾಗವನ್ನು ಮಾತ್ರ ಅವಳು ಆಯಾ ಫೋನಿಗೆಂದೇ ನೇಟಿವ್ ಬರೆಯುವುದು. ಗೊಣಗುತ್ತಲೇ ಬರೆದಳು. ಈ ಸಲ ಒಡೆದ ಗಾಜಿನ ಫೋನಿನಲ್ಲೂ ಬೇಗ ತೆರೆಯಿತು.

ಆ್ಯಪ್ ಕೊಟ್ಟ ಕೆಲ ದಿನಗಳಲ್ಲೇ ವೈದ್ಯೆ ನಮ್ಮನ್ನು ಕರೆಸಿ, ಅದರಲ್ಲಿ ಬಂದ ಒಂದು ದನಿ ಕೇಳಿಸಿದರು. ಆಯಿಯ ಹಿಂಡು ಆಲಮೇಲದ ಹತ್ತಿರ ಹೋಗಿತ್ತು. “ಡಾಕ್ಟರಬಾಯಾರ, ಕುರಿ ಎಲ್ಲಾ ಆರಾಮದಾವ್ರಿ. ಆ ಹುಡುಗ್ಯಾರು ಆರಾಮ ಅದಾರೇನ್ರಿ?”

ಗೆಳತಿ ಉತ್ತರ ಹೇಳಲು ಫೋನ್ ಕೈಗೆ ತೆಗೆದುಕೊಂಡಳು. ಉತ್ತರ ಕಳಿಸುವ ಗುಂಡಿಯನ್ನು ನಾವು ಇಟ್ಟೇ ಇರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಕೂತು ಮೊದಲು ಅದನ್ನೇ ಮಾಡಿದೆವು.