ಬಲ ಮೊಣಕಾಲಿನ ಬಾತುಕೋಳಿ

ನಮ್ಮ ತೌಚೆಂಗ್ ಊರಿನಲ್ಲಿ ಯಾರಾದರೂ ಬೈಕಿನಿಂದ ತಾನಾಗಿಯೇ ಜಾರಿ ಬಿದ್ದರೆ "ಬಿದ್ದ" ಎನ್ನುವುದಿಲ್ಲ, "ಗದ್ದೆ ಉತ್ತ" ಎನ್ನುತ್ತೇವೆ. ಇನ್ನೊಂದು ಗಾಡಿ ಬಂದು ಗುದ್ದಿದರೆ ಅದು ಅಪಘಾತ, ಅದಕ್ಕೆ ಮರುಕವಿದೆ. ಗದ್ದೆ ಉತ್ತವನಿಗೆ ಸಿಗುವುದು ನಗು ಮಾತ್ರ. ಆ ಎರಡು ಪದಗಳು ತ್ವಾನಳ ಎಂಟು ವರ್ಷಗಳನ್ನು ತಿಂದವು.

ತ್ವಾನ್ ಎಂದರೆ ಸ್ಯಾಟಿನ್. ಮಗಳ ಬದುಕು ನಯವಾಗಿರಲಿ ಎಂದು ತಾಯಿ ಇಟ್ಟ ಹೆಸರು. ಆದರೆ ಅವಳ ಬೆರಳುಗಳು ಹಿಡಿದದ್ದೆಲ್ಲ ಸೂಜಿ ಮುರಿಯುವಂಥ ದಪ್ಪ ಬಟ್ಟೆಯನ್ನೇ. ಬೈಕ್ ಸವಾರರಿಗೆ ರಕ್ಷಣೆಯ ಪ್ಯಾಂಟು ಹೊಲಿಯುವುದು ಅವಳ ಕಸುಬು. ಬೆಟ್ಟದ ರಸ್ತೆ ಒಂಬತ್ತು ತಿರುವು ಹದಿನೆಂಟು ಮುರಿವು ದಾಟಿ ಬಯಲಿಗೆ ಇಳಿಯುವಲ್ಲಿ ಅವಳ ಅಂಗಡಿ, ಅದರ ಪಕ್ಕದಲ್ಲೇ ಈರುಳ್ಳಿ ಸೊಪ್ಪಿನ ರೊಟ್ಟಿ ಸುಡುವ ನನ್ನ ಅಂಗಡಿ. ಇಳಿದು ಬಂದ ಸವಾರರು ಕಾಲು ಕೊಡವಿ ನನ್ನಲ್ಲಿ ರೊಟ್ಟಿ ತಿನ್ನುತ್ತಾರೆ. ಅರ್ಧ ಜನ ಬಾಯಿ ಒರೆಸಿಕೊಂಡು ಅವಳಲ್ಲಿಗೆ ಹೋಗುತ್ತಾರೆ.

ಅವಳ ಅಂಗಡಿಯಲ್ಲಿ ಕನ್ನಡಿಯಿಲ್ಲ.

"ಕನ್ನಡಿ ಎಲ್ಲಿ ಅಕ್ಕಾ?" ಎಂದು ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು.

"ಕನ್ನಡಿ ನೋಡ್ಕೊಂಡು ಬೈಕ್ ಓಡಿಸ್ತೀಯಾ?"

"ಬೈಕಲ್ಲೇ ಎರಡಿದಾವಲ್ಲ."

"ಅವು ಹಿಂದೆ ಬರೋರ್ನ ನೋಡೋಕೆ ಕಣೇ, ನಿನ್ನ ಸೊಂಟ ನೋಡೋಕಲ್ಲ. ಹತ್ತು, ಕೂತ್ಕೋ."

ಕೂರುವುದು ಒಂದು ಹಳೆಯ ಹಸಿರು ಅಂಚೆ ಬೈಕಿನ ಮೇಲೆ. ಅದಕ್ಕೆ ಚಕ್ರಗಳಿಲ್ಲ, ನೆಲಕ್ಕೆ ಬೋಲ್ಟು ಹಾಕಿದೆ. ಪೆಟ್ಟು ತಡೆಯಲು ಪ್ಯಾಂಟಿನೊಳಗೆ ಇಡುವ, ನಿಂತಾಗ ಮಂಡಿಚಿಪ್ಪಿನ ಮೇಲೆ ನೆಟ್ಟಗಿರುವ ಪ್ಯಾಡು ಕೂತೊಡನೆ ತೊಡೆಯ ಕಡೆಗೆ ನಾಲ್ಕು ಬೆರಳು ಏರುತ್ತದೆ. ಅಂಗಡಿಯಲ್ಲಿ ನಿಂತು ಪ್ಯಾಂಟು ಕೊಳ್ಳುವವರೆಲ್ಲ ಮಾಡುವ ತಪ್ಪು ಅದು. ತ್ವಾನ್ ಕೂತವರ ಮೊಣಕಾಲಿಗೆ ಸೀಮೆಸುಣ್ಣದಿಂದ ಗುರುತು ಹಾಕುತ್ತಾಳೆ. ಸೊಂಟದ ಪಕ್ಕದ ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿ, ಅದು ಮೂಳೆಯ ಮೇಲಿದೆಯೋ ಮಾಂಸದ ಮೇಲಿದೆಯೋ ನೋಡುತ್ತಾಳೆ. ಪಾದದ ಬಳಿ ಬಟ್ಟೆ ಎಷ್ಟು ಮೇಲೆ ಸರಿಯಿತೆಂದು ಅಳೆಯುತ್ತಾಳೆ. ಕಡೆಯದಾಗಿ ಮಂಡಿ ಪರೀಕ್ಷೆ. ಬಿದ್ದವರ ಹಾಗೆ ಸಿಮೆಂಟು ನೆಲದ ಮೇಲೆ ಎರಡೂ ಮಂಡಿ ಊರಬೇಕು, ಅವಳು ಮೂವತ್ತು ಎಣಿಸುವವರೆಗೆ ಏಳಬಾರದು.

"ನಿಂತ್ರೆ ಎಲ್ಲಾ ಪ್ಯಾಂಟೂ ಒಳ್ಳೇದೇ," ಎನ್ನುತ್ತಾಳೆ. "ಮಂಡಿ ಊರಿದ್ರೇನೇ ಅಳತೆ ಸಿಗೋದು."

ಈ ನಿಯಮ ಎಲ್ಲರಿಗೂ ಒಂದೇ. ಆದರೆ ಅವಳು ಅದನ್ನು ಮಾಡಿದ್ದು ಒಬ್ಬನಿಗಾಗಿ.

ತ್ವಾನಳ ಗಂಡ ತಿಯೆನ್‌ಲು ಬೆಟ್ಟದ ಮೇಲಿನ ಚಹಾ ತೋಟಗಳಿಗೆ ಇಪ್ಪತ್ತೆರಡು ವರ್ಷ ಟಪಾಲು ಹಂಚಿದವನು. ಮಂಜಿನಲ್ಲಾಗಲಿ, ಬಿರುಗಾಳಿಯ ಮರುದಿನವಾಗಲಿ, ಅವನ ಗಾಡಿ ಒಮ್ಮೆಯೂ ಅಡ್ಡ ಬಿದ್ದಿರಲಿಲ್ಲ. ಗುಡಿ ಬೀದಿಯಲ್ಲಿ ಆಗ ಗೊಂಗ್ ಎಂಬವನ ಸವಾರಿ ಸಾಮಾನಿನ ಅಂಗಡಿಯಿತ್ತು. ತಿಯೆನ್‌ಲು ತನ್ನ ಪ್ಯಾಂಟು ಕೊಂಡದ್ದು ಅಲ್ಲಿ. ಮೇ ತಿಂಗಳ ಜಡಿಮಳೆಯ ಒಂದು ಬೆಳಿಗ್ಗೆ, ಹನ್ನೊಂದನೆಯ ಮುರಿವಿನಲ್ಲಿ, ಉದುರಿದ ಬಿದಿರ ಸಿಪ್ಪೆಯ ಮೇಲೆ ಅವನ ಚಕ್ರ ಜಾರಿತು. ಸೈಕಲ್ಲಿಗಿಂತ ಹೆಚ್ಚಿನ ವೇಗವೇನಲ್ಲ. ಪ್ಯಾಡು ಸರಿಯಾಗಿದ್ದಿದ್ದರೆ ಎದ್ದು, ಮಣ್ಣು ಕೊಡವಿ, ಉಳಿದ ಕಾಗದ ಹಂಚಿ ಮನೆಗೆ ಬರುತ್ತಿದ್ದ. ಬಲ ಮಂಡಿಚಿಪ್ಪು ಮೂರು ಹೋಳಾಯಿತು. ವೈದ್ಯರು ಗಾಯದೊಳಗಿನಿಂದ ನೀಲಿ ಚೂರುಗಳನ್ನು ಚಿಮುಟದಲ್ಲಿ ಹೆಕ್ಕಿದರು.

ಮನೆಗೆ ಬಂದ ತ್ವಾನ್ ಎಡಗಾಲಿನ ಪ್ಯಾಡಿನ ಜೇಬು ಬಿಚ್ಚಿದಳು. ಒಳ್ಳೆಯ ಪ್ಯಾಡಿನ ಹೊರಕವಚ, ಅದರೊಳಗೆ ಕೂಸುಗಳು ತೆವಳಲು ನೆಲಕ್ಕೆ ಹಾಸುವ ನೀಲಿ ಫೋಮ್ ಚಾಪೆಯ ತುಂಡು. ಅದರ ಮೇಲೆ ಹಳದಿ ಬಾತುಕೋಳಿಯ ಅರ್ಧ ತಲೆ, ಒಂದು ಕಣ್ಣು.

ಅದೇ ಸಂಜೆ ಅವಳು ಆ ತುಂಡು ಹಿಡಿದು ಗೊಂಗನ ಅಂಗಡಿಗೆ ಹೋದಳು. ಹೆಲ್ಮೆಟ್ಟು, ಮುಖವಸ್ತ್ರ ಯಾವುದನ್ನೂ ತೆಗೆಯಲಿಲ್ಲ. ಅವನಿಗೆ ಕಂಡದ್ದು ಎರಡು ಕಣ್ಣು ಮಾತ್ರ.

"ಮನೇಲಿ ನೀವೇ ತುರುಕ್ಕೊಂಡು ಬಂದಿರ್ಬೋದು," ಎಂದು ಗೊಂಗ್ ಗಿರಾಕಿಗಳ ಮುಂದೆ ಹೇಳಿದ. "ನಿಮ್ಮ ಯಜಮಾನ್ರು ಗದ್ದೆ ಉತ್ರು. ಓಡಿಸೋಕೆ ಬರ್ದೆ ಇದ್ರೆ ಪ್ಯಾಂಟು ಏನ್ಮಾಡುತ್ತೆ ತಾಯಿ?"

ಗಿರಾಕಿಗಳು ನಕ್ಕರು. ಅಷ್ಟಕ್ಕೇ ಬಿಡದೆ ಆ ಮಾತನ್ನು ಅವನು ಮಾಝು ದೇವಿಯ ಗುಡಿಯ ಅಂಗಳಕ್ಕೂ ಒಯ್ದ. ಸಂಜೆ ಗಂಡಸರು ನೆಲಗಡಲೆ ಸುಲಿಯುತ್ತ ಚದುರಂಗ ಆಡುವ ಜಾಗ ಅದು. "ನಮ್ಮ ಅಂಚೆಯಣ್ಣ ಕಾಗದ ಬಿತ್ತೋಕೆ ಗದ್ದೆ ಉತ್ತನಂತೆ, ಬೆಳೆ ಬಂದ್ರೆ ಎಲ್ರಿಗೂ ಒಂದೊಂದು ಲಕೋಟೆ!" ಊರು ಒಂದು ವರ್ಷ ಆ ಮಾತಿಗೆ ನಕ್ಕಿತು. ನಾನೂ ಒಮ್ಮೆ ನಕ್ಕೆ, ಸುಳ್ಳು ಹೇಳಲಾರೆ.

ತಿಯೆನ್‌ಲುವಿನ ಬಲಗಾಲು ಮತ್ತೆ ಮಡಚಲಿಲ್ಲ. ಅದನ್ನು ಅವನು ಸಹಿಸಿಕೊಂಡ. ಇಪ್ಪತ್ತು ವರ್ಷ ಚದುರಂಗ ಆಡಿದ ಆ ಅಂಗಳಕ್ಕೆ ಮಾತ್ರ ಮತ್ತೆ ಕಾಲಿಡಲಿಲ್ಲ. ಆ ಬೀದಿ ಬಂದರೆ ಕುಂಟುತ್ತ ಸುತ್ತು ಬಳಸಿ ಹೋಗುತ್ತಿದ್ದ. ತ್ವಾನಳಿಗೆ ಬೇಕಾಗಿದ್ದದ್ದು ಆ ಅಂಗಳ. ಯಾವನು ಅದನ್ನು ಕಸಿದನೋ ಅವನ ಬಾಯಿಂದಲೇ ಅದು ವಾಪಸು ಬರಬೇಕಿತ್ತು.

ಅವಳು ಆಗ ರೇನ್‌ಕೋಟು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಅದನ್ನು ಬಿಟ್ಟಳು. ಆ ಪ್ಯಾಂಟನ್ನು ದಾರ ದಾರವಾಗಿ ಬಿಚ್ಚಿ, ಮತ್ತೆ ಹೊಲಿದು, ಮತ್ತೆ ಬಿಚ್ಚಿ ಕಲಿತಳು. ಹೊಸ್ತಿಲ ಕಲ್ಲಿಗೆ ಬಟ್ಟೆ ತಿಕ್ಕಿ ತಿಕ್ಕಿ, ಯಾವುದು ಎಷ್ಟು ಹೊತ್ತು ತಾಳುತ್ತದೆಂದು ನೋಡಿದಳು. ಬಾತುಕೋಳಿಯನ್ನು ಚಹಾ ಡಬ್ಬಿಯಲ್ಲಿಟ್ಟಳು. ಅಷ್ಟರಲ್ಲಿ ಗೊಂಗ್ ಅಂಗಡಿ ಮುಚ್ಚಿ ಬೆಟ್ಟದಾಚೆಯ ಮಗನ ಮನೆ ಸೇರಿದ್ದ.

"ಹುಡುಕ್ಕೊಂಡು ಹೋಗ್ಬಾರ್ದಾ?" ಎಂದು ನಾನು ಒಮ್ಮೆ ಕೇಳಿದೆ.

"ಅವ್ನೇ ಬರ್ತಾನೆ ಬಿಡು. ಇನ್ನೂ ಬೈಕ್ ಓಡಿಸ್ತಾನಂತೆ, ಹೊಟ್ಟೆ ಬೆಳೀತಿದೆಯಂತೆ. ರೆಡಿಮೇಡು ಇನ್ನೆಷ್ಟು ವರ್ಷ ಹಿಡಿಸೀತು?"

ಕಳೆದ ಅಕ್ಟೋಬರಿನಲ್ಲಿ ಅವನು ಬಂದ. ಜೊತೆಗೆ ಸವಾರರ ಸಂಘದ ಮೂವರು ಗೆಳೆಯರು. ಮರುತಿಂಗಳು ಬೈಕಿನಲ್ಲಿ ನಮ್ಮ ಇಡೀ ದ್ವೀಪ ಸುತ್ತುವ ಯೋಜನೆ ಅವರದು. ನನ್ನ ರೊಟ್ಟಿ ತಿನ್ನುತ್ತ ಅವನು ನಕ್ಕ ರೀತಿಯಲ್ಲೇ ನನಗೆ ಗುರುತು ಸಿಕ್ಕಿತು. ಓಡಿ ತ್ವಾನಳ ಅಂಗಡಿಗೆ ಹೋದೆ.

"ಅವ್ನೇ ಕಣೇ."

"ನೋಡ್ದೆ," ಎಂದಳು. ಹೊಲಿಗೆಯ ಸಾಲು ಕೊನೆ ಮುಟ್ಟುವವರೆಗೂ ಯಂತ್ರ ನಿಲ್ಲಿಸಲಿಲ್ಲ.

ಗೊಂಗ್ ಒಳಗೆ ಬಂದ. ಅವಳ ಮುಖ ಅವನಿಗೆ ಹೊಸದು. "ಅಕ್ಕಾ, ನನ್ನ ಸೊಂಟಕ್ಕೆ ಆಗೋ ಬಟ್ಟೆ ಈ ದ್ವೀಪದಲ್ಲಿದೆಯಾ?"

"ಇದೆ ಅಣ್ಣಾ. ನಿಮಗೇ ಅಂತ ಇಟ್ಟಿದೀನಿ."

ಗೆಳೆಯರು ನಕ್ಕರು. ಅವಳು ಅವನಿಗೆ ದೊಡ್ಡ ಅಳತೆಯ ಒಂದು ಪ್ಯಾಂಟು ತೊಡಿಸಿ, ಹಸಿರು ಬೈಕಿನ ಮೇಲೆ ಕೂರಿಸಿ, ಗುರುತು ಹಾಕಿದಳು. ಆಮೇಲೆ ಅದನ್ನು ಬಿಚ್ಚಿಸಿಕೊಂಡು ಪರದೆಯ ಹಿಂದೆ ಹೋದಳು. ಅಲ್ಲಿ ತಿಯೆನ್‌ಲು ಕಾಲು ಚಾಚಿ ಕೂತು ದಾರ ಸುತ್ತುತ್ತಿದ್ದ. ಅವಳು ಚಹಾ ಡಬ್ಬಿ ತೆಗೆದದ್ದನ್ನು ನೋಡಿದ.

"ಬೇಡ ತ್ವಾನ್."

"ನಿಮ್ಮ ಪಾಲಿನ ಸಿಟ್ಟು ನೀವು ಬಿಟ್ಕೊಡಿ. ನನ್ನ ಪಾಲು ನಂದು."

ಎಡ ಮೊಣಕಾಲಿಗೆ ತನ್ನಲ್ಲಿದ್ದ ಅತ್ಯುತ್ತಮ ಪ್ಯಾಡು ಹಾಕಿದಳು. ಬಲಕ್ಕೆ ಬಾತುಕೋಳಿ. ಜಿಪ್ಪು ಎಳೆದು ಹೊರಗೆ ತಂದು ಕೊಟ್ಟಳು. ಗೊಂಗ್ ತೊಟ್ಟುಕೊಂಡ.

"ಈಗ ಮಂಡಿ ಊರಿ ಅಣ್ಣಾ."

"ನನ್ನ ಹೆಂಡ್ತಿ ಮುಂದೇನೂ ಊರಿಲ್ವಲ್ಲ ನಾನು!" ಎಂದು ನಗುತ್ತ, ಬೈಕಿನ ಸೀಟು ಹಿಡಿದು, ಆ ಭಾರದ ದೇಹವನ್ನು ಅವನು ಸಿಮೆಂಟಿಗೆ ಇಳಿಸಿದ. ಅವಳು ಎಣಿಸತೊಡಗಿದಳು. ನಾಲ್ಕಕ್ಕೆ ಅವನ ಮುಖ ಕಿವುಚಿತು.

"ಏಯ್, ಎಡಗಡೆ ಸರಿ. ಬಲಗಡೆ ಏನಿದು? ಇದು ಪ್ಯಾಡಲ್ಲ! ಮಕ್ಕಳ ಚಾಪೆ ಕತ್ತರಿಸಿ ತುರುಕಿದೀರ! ಯಾರಿಗೆ ಟೋಪಿ ಹಾಕ್ತೀರಿ? ಹದಿನೈದು ವರ್ಷ ಇದೇ ವ್ಯಾಪಾರ ಮಾಡಿದೀನಿ. ಆ ನೀಲಿ ಫೋಮು ಭಾರ ಬಿದ್ರೆ ಹಿಂಗೇ ಮಧ್ಯಕ್ಕೆ ಮಡಚ್ಕೊಳ್ಳುತ್ತೆ, ನನ್ನ ಮಂಡಿಗೇ ಗೊತ್ತಾಗುತ್ತೆ!"

"ನೀಲಿ ಅಂತ ನಾನು ಹೇಳ್ಲಿಲ್ವಲ್ಲ," ಎಂದಳು ತ್ವಾನ್.

ಗೆಳೆಯರಲ್ಲಿ ಉದ್ದನೆಯವನು, ಸಂಘದ ಮುಖಂಡ, ಬಗ್ಗಿ ನೋಡಿದ. "ಗೊಂಗ್, ಜಿಪ್ಪು ಇನ್ನೂ ತೆಗ್ದೇ ಇಲ್ಲ ಕಣಯ್ಯ."

ಗೊಂಗ್ ಏಳಲು ನೋಡಿದ. ಹೊಟ್ಟೆ ಬಿಡಲಿಲ್ಲ.

"ಮೂವತ್ತಾಗೋವರ್ಗೂ ಏಳೋ ಹಾಗಿಲ್ಲ. ಒಂಬತ್ತು. ಹತ್ತು." ಎಣಿಸುತ್ತಲೇ ಅವಳು ಅವನ ಪಕ್ಕ ಕುಕ್ಕರಿಸಿ, ಬಲ ಮೊಣಕಾಲಿನ ಜಿಪ್ಪು ಎಳೆದು, ಬಾತುಕೋಳಿಯನ್ನು ಅವನ ಮೂಗಿನ ಮುಂದೆ ಹಿಡಿದಳು. ಎಂಟು ವರ್ಷ ಕತ್ತಲಲ್ಲಿದ್ದ ಆ ಒಂದು ಕಣ್ಣು ಅವನನ್ನು ನೋಡಿತು. ಪರದೆ ಸರಿಸಿ ತಿಯೆನ್‌ಲು ಬಾಗಿಲಿಗೆ ಬಂದು ನಿಂತಿದ್ದ. ಮಡಚದ ಕಾಲು ಒಂದು ಕೋಲಿನ ಹಾಗೆ ಅವನ ಮುಂದೆ ಚಾಚಿತ್ತು.

"ಇವ್ರು ಗದ್ದೆ ಉತ್ರಾ?" ಎಂದು ತ್ವಾನ್ ಕೇಳಿದಳು.

ಗೊಂಗ್ ನೆಲ ನೋಡಿದ. "ಇಲ್ಲ. ಆ ವರ್ಷ ಪ್ಯಾಡು ಬರೋದು ತಡ ಆಯ್ತು, ಅದಕ್ಕೇ..."

"ಕಾರಣ ಕೇಳ್ಲಿಲ್ಲ. ಇಪ್ಪತ್ತೊಂದು. ಇಪ್ಪತ್ತೆರಡು."

ಮೂವತ್ತಾದಾಗ ಗೆಳೆಯರು ಕೈಹಿಡಿದು ಅವನನ್ನು ಎಬ್ಬಿಸಿದರು. ಕ್ಷಮೆ ಎಂದೇನೋ ಗೊಣಗಿದ. ತ್ವಾನ್ ಕೈಯೆತ್ತಿ ತಡೆದಳು.

"ಇಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನೀನು ಜನಾನ ನಗಿಸಿದ್ದು ಗುಡಿ ಅಂಗಳದಲ್ಲಿ. ಪ್ಯಾಂಟು ಹಾಕ್ಕೊಂಡೇ ಹೋಗು, ಎಡಗಾಲಿಗೆ ಪ್ಯಾಡಿದೆ. ನಮ್ಮನೇಲೂ ಒಂದೇ ಕಾಲು ಮಡಚೋದು. ಇನ್ನೊಂದು ಬೇಕಾದ್ರೆ ಅಂಗಳಕ್ಕೆ ಬಂದು ಇದನ್ನೇ ಹೇಳು." ಬಲಗಾಲಿನ ಅಸಲಿ ಪ್ಯಾಡನ್ನು ಅವಳು ಗೋಡೆಯ ಮೊಳೆಗೆ ನೇತುಹಾಕಿದಳು.

"ಬೇರೆ ಕಡೆ ತಗೋತೀನಿ," ಎಂದ ಗೊಂಗ್.

ಮುಖಂಡ ತಲೆಯಾಡಿಸಿದ. "ಬೇಡ. ಈ ಪ್ಯಾಡು ಹಾಕ್ಕೊಂಡು ಬಂದ್ರೇನೇ ನಮ್ಜೊತೆ ದ್ವೀಪ ಸುತ್ತೋದು. ಇಲ್ದಿದ್ರೆ ಮನೇಲಿ ಕೂತ್ಕೋ."

ಅವನು ಬೈಕಿನಲ್ಲಿ ಬೆಟ್ಟ ಹತ್ತುವುದನ್ನು ನಾನು ಒಲೆಯ ಮುಂದೆ ನಿಂತು ನೋಡಿದೆ. ಬಲಗಾಲನ್ನು ಹೊರಗೆ ಚಾಚಿಕೊಂಡು, ನೇಗಿಲು ಹಿಡಿದವನ ಹಾಗೆ ನಿಧಾನವಾಗಿ, ಮೊದಲ ಮುರಿವಿನಲ್ಲಿ ಮರೆಯಾದ.

ತ್ವಾನ್ ದಿನಕ್ಕೆರಡು ಬಾರಿ ಮೊಳೆಯ ಮೇಲಿನ ಪ್ಯಾಡಿನ ಧೂಳು ಒರೆಸಿದಳು. ಎರಡು ದಿನ ಮೊದಲೇ ಹೇಳಿ ಕಳಿಸಿ, ಹನ್ನೊಂದನೆಯ ದಿನ, ಭಾನುವಾರ ಸಂಜೆ, ಗೊಂಗ್ ಗುಡಿಯ ಅಂಗಳಕ್ಕೆ ಬಂದ. ರೈಲಿನಲ್ಲಿ. ಪ್ಯಾಂಟನ್ನು ಚೀಲದಲ್ಲಿಟ್ಟು ತಂದಿದ್ದ.

ಅಂಗಳಕ್ಕೆ ಬರಲು ತಿಯೆನ್‌ಲು ಒಪ್ಪಿರಲಿಲ್ಲ. ತ್ವಾನ್ ಅವನ ತೋಳು ಹಿಡಿದು ಕರೆತಂದು, ಚದುರಂಗದ ಹಲಗೆಯ ಪಕ್ಕದ ಅವನ ಹಳೆಯ ಬೆಂಚಿನ ಮೇಲೆ ಕೂರಿಸಿದ್ದಳು. ಎಂಟು ವರ್ಷದಲ್ಲಿ ಆ ಜಾಗಕ್ಕೆ ಬೇರೆ ಯಾರೋ ದಿಂಬು ತಂದಿಟ್ಟಿದ್ದರು. ಅವನು ಅದನ್ನು ಬದಿಗೆ ಸರಿಸಿ, ಬರೀ ಹಲಗೆಯ ಮೇಲೆ ಅಂಗೈಯಾಡಿಸಿದ.

"ಈ ಅಣ್ಣ ಗದ್ದೆ ಉಳಲಿಲ್ಲ," ಎಂದ ಗೊಂಗ್. "ನಾನು ಪ್ಯಾಡಿನೊಳಗೆ ಮಕ್ಕಳ ಚಾಪೆ ತುಂಬಿ ಮಾರಿದ್ದೆ. ಅದಕ್ಕೇ ಕಾಲು ಹೋಯ್ತು. ಆಮೇಲೆ ನಿಮ್ಮನ್ನೆಲ್ಲ ನಗಿಸ್ದೆ."

"ಗಟ್ಟಿಯಾಗಿ ಹೇಳಪ್ಪಾ, ಕಿವಿ ಕೇಳ್ಸಲ್ಲ ನಂಗೆ," ಎಂದ ಕಡಲೆ ಸುಲಿಯುತ್ತಿದ್ದ ಮುದುಕ. ಗೊಂಗ್ ಮತ್ತೆ ಹೇಳಬೇಕಾಯಿತು. ಆ ಮುದುಕನಿಗೆ ಹೇಳಿಕೊಟ್ಟದ್ದು ತಾನಲ್ಲ ಎಂದು ತ್ವಾನ್ ಇವತ್ತಿಗೂ ಆಣೆ ಮಾಡುತ್ತಾಳೆ. ಹಿಂದಿನ ದಿನ ಅವನಿಗೆಂದು ನನ್ನಲ್ಲಿ ನಾಲ್ಕು ರೊಟ್ಟಿ ಕಟ್ಟಿಸಿಕೊಂಡಿದ್ದಳು.

ಯಾರೂ ನಗಲಿಲ್ಲ. ತಮ್ಮ ನಗು ನೆನಪಾದವರು ಕಡಲೆ ಸಿಪ್ಪೆ ನೋಡುತ್ತ ಕೂತರು.

ತ್ವಾನ್ ಮೊಳೆಯಿಂದ ತೆಗೆದು ತಂದಿದ್ದ ಪ್ಯಾಡಿಗೆ ಗೊಂಗ್ ಕೈ ಚಾಚಿದ. ಅವಳು ಕೊಡಲಿಲ್ಲ. "ಹೋಗಿ ಪ್ಯಾಂಟು ಹಾಕ್ಕೊಂಡು ಬಾ. ಅಳತೆ ನೋಡ್ದೆ ನಾನು ಯಾರ್ಗೂ ಕಳ್ಸಲ್ಲ."

ಅವನು ತೊಟ್ಟು ಬಂದ. ಅವಳು ಪ್ಯಾಡು ಸೇರಿಸಿ, ಜಿಪ್ಪು ಎಳೆದು, ತಿಯೆನ್‌ಲುವಿನ ಮುಂದಿನ ಕಲ್ಲುಹಾಸು ತೋರಿಸಿದಳು. ಗೊಂಗ್ ಒಮ್ಮೆ ಗುಡಿಯ ಕಡೆ ನೋಡಿ, ಎರಡೂ ಮಂಡಿ ಊರಿದ.

"ಒಂದು," ಎಂದಳು ತ್ವಾನ್. ಐದರ ಹೊತ್ತಿಗೆ ಮುದುಕರೂ ಜೊತೆಗೆ ಎಣಿಸತೊಡಗಿದ್ದರು, ಕಿವಿ ಕೇಳದವನೇ ಎಲ್ಲರಿಗಿಂತ ಜೋರಾಗಿ. ಹದಿನೇಳಕ್ಕೆ ತಿಯೆನ್‌ಲು ಬಗ್ಗಿ, ಹೆಂಡತಿ ಮಾಡುವಂತೆಯೇ, ಆ ಬಲ ಮೊಣಕಾಲಿನ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಸರಿಯಾಗಿ ಕೂತಿದೆ," ಎಂದ. "ಏಳಿ."

ಗೊಂಗ್ ಏಳಲು ಬೆಂಚಿನ ಅಂಚಿಗೆ ಕೈಯಿಟ್ಟ.

"ಹದಿನೆಂಟು," ಎಂದಳು ತ್ವಾನ್.