ಹದಿನಾಲ್ಕು ಮನೆ ಕೊಟ್ಟ ಗಂಜಿಯಕ್ಕ

ಬೆಳಗಿನ ಐದೂಕಾಲು. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ, ನೆಟ್ಟಗೆ ನಿಂತರೆ ತಲೆ ತಾಗುವಷ್ಟು ಜಾಗದಲ್ಲಿ, ಅವರು ಇಸ್ತ್ರಿಪೆಟ್ಟಿಗೆಯ ಮುಚ್ಚಳ ತೆರೆದು ಕೆಂಡಕ್ಕೆ ರಟ್ಟಿನ ಚೂರಿನಿಂದ ಗಾಳಿ ಹಾಕುತ್ತಿದ್ದಾರೆ. ಪೆಟ್ಟಿಗೆಯ ತೂಕ ಏಳು ಕಿಲೋ. ಇಪ್ಪತ್ತೇಳು ವರ್ಷ ಅದನ್ನೇ ಎತ್ತಿ ಎತ್ತಿ ಬಲ ಭುಜ ಎಡ ಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿದೆ. ಕೆಂಡ ಹತ್ತಿಕೊಂಡ ಮೇಲೆ ಒದ್ದೆ ಬೆರಳನ್ನು ತಳಕ್ಕೆ ತಾಗಿಸಿ ಚುಂಯ್ ಎನ್ನುವ ಸದ್ದು ಕೇಳಿಸಿಕೊಳ್ಳುತ್ತಾರೆ. ಹತ್ತಿಗೆ ಇಷ್ಟು ಕಾವು ಸರಿ, ನೈಲಾನಿಗೆ ಇನ್ನೂ ಆರಬೇಕು ಎಂಬುದು ಆ ಸದ್ದಿನಲ್ಲೇ ಗೊತ್ತಾಗುತ್ತದಂತೆ.

ಬೀದಿಗೆಲ್ಲ ಅವರು ಗಂಜಿಯಕ್ಕ. ಬಟ್ಟೆಗೆ ಗಂಜಿ ಹಾಕುವುದರಲ್ಲಿ ಅವರದು ಎತ್ತಿದ ಕೈ. ಇವಳು ಗಂಜಿ ಹಾಕಿದ ಅಂಗಿ ಯಜಮಾನನನ್ನು ಬಿಟ್ಟು ತಾನೇ ಕೆಲಸಕ್ಕೆ ಹೋದೀತು ಎಂದು ಗಂಡ ಛೇಡಿಸುತ್ತಾರೆ. ಹಿಂದೆ ಬಟ್ಟೆಗಂಟು ಹೊತ್ತು ಮನೆಮನೆ ಸುತ್ತುತ್ತಿದ್ದ ಈ ಗಂಡನಿಗೆ ಈಗ ಉಬ್ಬಸ. ಮೊದಲ ಮೆಟ್ಟಿಲ ಮೇಲೆ ಕೂತು, ಕಿತ್ತುಹೋದ ಗುಂಡಿ ಹೊಲಿಯುವುದಷ್ಟೇ ಅವರಿಂದ ಆಗುವ ಕೆಲಸ. ಒಂದು ಕಾಲಕ್ಕೆ ಗಂಜಿಯಕ್ಕನಿಗೆ ಇಸ್ತ್ರಿಗೆ ಬಟ್ಟೆ ಕೊಡುವ ನಲವತ್ತೊಂದು ಮನೆ, ದಿನಕ್ಕೆ ನೂರೆಪ್ಪತ್ತು ಬಟ್ಟೆ. ಇವತ್ತು ಐದು ಮನೆ, ಮೂವತ್ತು ಬಟ್ಟೆಯಾದರೆ ಹೆಚ್ಚು. ಐದು ಮನೆಯಿದ್ದರೆ ಇಬ್ಬರ ಊಟವೂ ಉಬ್ಬಸದ ಔಷಧಿಯೂ ಹೇಗೋ ನಡೆಯುತ್ತದೆ. ನಾಲ್ಕಾದರೆ ಎರಡರಲ್ಲಿ ಒಂದನ್ನು ಬಿಡಬೇಕು.

ಇಸ್ತ್ರಿಯವರಲ್ಲಿ ಒಂದು ಕಟ್ಟುಪಾಡಿದೆ. ಇತ್ತು ಎನ್ನುವುದೇ ಸರಿಯೇನೋ. ಬೀದಿಗೆ ಹೊಸಬರು ಪೆಟ್ಟಿಗೆ ಹಿಡಿದು ಬಂದರೆ, ಮೊದಲೇ ಇದ್ದವರು ತಲಾ ಒಂದು ಮನೆ ಬಿಟ್ಟುಕೊಡಬೇಕು. ಗಂಜಿಯಕ್ಕ ಬರಿಗೈಯಲ್ಲಿ ಇಲ್ಲಿಗೆ ಬಂದಾಗ ಮೂವರು ಹಿರಿಯರು ಮೂರು ಮನೆ ಕೊಟ್ಟರು. ಒಬ್ಬರಂತೂ ತಮ್ಮ ಕೈಯಲ್ಲಿದ್ದ ಅತಿ ಒಳ್ಳೆಯ ಮನೆಯನ್ನೇ, ಡಾಕ್ಟರ ಮನೆಯನ್ನೇ ಕೊಟ್ಟರು.

"ಈ ಋಣ ಹೇಗೆ ತೀರಿಸ್ಲಿ ಅಂತ ಕೇಳ್ದೆ. ಕೊಟ್ಟೋರಿಗೆ ತಿರುಗಿ ಕೊಡೋ ಹಾಗಿಲ್ಲಮ್ಮ, ನಿನ್ನ ಹಿಂದೆ ಬರೋರಿಗೆ ಕೊಡು ಅಂದ್ರು. ಜಗಳಗಂಟಿ ಮನೆ ತಳ್ಳಿಬಿಡ್ಬೇಡ, ಒಳ್ಳೇ ಮನೇನೇ ಕೊಡ್ಬೇಕು ಅಂತಾನೂ ಹೇಳಿದ್ರು" ಎಂದು ನೆನೆಯುತ್ತಾರೆ ಗಂಜಿಯಕ್ಕ.

ಅವರು ಮಾತು ತಪ್ಪಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಹದಿನಾಲ್ಕು ಜನ ಹೊಸಬರು ಬಂದರು, ಹದಿನಾಲ್ಕು ಮನೆ ಹೋಯಿತು. ಪ್ರತಿ ಸಲವೂ ಹೊಸಬರನ್ನು ಕರೆದುಕೊಂಡು ಹೋಗಿ ಬಾಗಿಲಲ್ಲಿ ನಿಂತು, ನಾಳೆಯಿಂದ ಇವರು ಬರ್ತಾರೆ, ನನ್ನ ಕೈ ಅಂತಾನೇ ತಿಳ್ಕೊಳ್ಳಿ ಎಂದು ಹೇಳಿ ಬರುತ್ತಿದ್ದರು. ಹೆಣ್ಣು ಕೊಟ್ಟು ಬಂದವಳ ಹಾಗೆ ಇವಳು ವಾರಗಟ್ಟಲೆ ಮಂಕಾಗಿರುತ್ತಿದ್ದಳು ಎಂದು ಗಂಡ ನಗುತ್ತಾರೆ. ನಗು ಕೆಮ್ಮಾಗುತ್ತದೆ, ಗಂಜಿಯಕ್ಕ ಪೆಟ್ಟಿಗೆ ಬದಿಗಿಟ್ಟು ನೀರು ಕೊಡುತ್ತಾರೆ.

ಆಮೇಲೆ ಇಸ್ತ್ರಿ ಬೇಡದ ಬಟ್ಟೆ ಬಂತು. ಮನೆಗೊಂದು ವಿದ್ಯುತ್ ಇಸ್ತ್ರಿಪೆಟ್ಟಿಗೆ ಬಂತು. ಬೀದಿಯ ಇಸ್ತ್ರಿಯವರು ಒಬ್ಬೊಬ್ಬರಾಗಿ ಕಾವಲುಗಾರರಾದರು, ಮೂಟೆ ಹೊರುವವರಾದರು, ಕೆಲವರು ಎಲ್ಲಿ ಹೋದರೆಂದೇ ತಿಳಿಯದು. ಈಗ ಉಳಿದಿರುವುದು ಗಂಜಿಯಕ್ಕ, ಮತ್ತೆ ಅವರಿಂದ ನಾಲ್ಕನೆಯ ಮನೆ ಪಡೆದವನು. ಎದುರಿನ ದೊಡ್ಡ ಕಟ್ಟಡದ ಒಂದು ಮನೆಯನ್ನು ಅವನಿಗೆ ಕೊಟ್ಟಿದ್ದರು. ಇವತ್ತು ಆ ಕಟ್ಟಡದ ಅರವತ್ತನಾಲ್ಕು ಮನೆಯ ಬಟ್ಟೆಯೂ ಅವನ ವ್ಯಾನಿನಲ್ಲೇ ಹೋಗುತ್ತದೆ. ಅವನ ಅಂಗಡಿಯಲ್ಲಿ ಹಬೆಯ ಯಂತ್ರವಿದೆ, ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ನೇತಾಡುತ್ತಾ ಮನೆಗೆ ಬರುತ್ತದೆ. ಅವನನ್ನು ನಾಲ್ಕು ಮಾತು ಬೈಯೋಣವೆಂದರೆ ಗಂಜಿಯಕ್ಕ ಬಿಡುವುದಿಲ್ಲ. ಬೆಳೆಯಲಿ ಎಂದೇ ಅಲ್ಲವೇ ಕೊಟ್ಟಿದ್ದು ಎಂದು ನಮ್ಮ ಬಾಯಿ ಮುಚ್ಚಿಸುತ್ತಾರೆ.

ಹೋದ ತಿಂಗಳು ಹದಿನೈದನೆಯವರು ಬಂದರು. ಐವತ್ತು ದಾಟಿದ ಗಂಡಸು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಇಸ್ತ್ರಿ ಮಾಡಿದವರು. ಕಾರ್ಖಾನೆ ಬಾಗಿಲು ಹಾಕಿತು. ಗೋಣಿಚೀಲದಲ್ಲಿ ಹಳೆಯ ಪೆಟ್ಟಿಗೆ ಇಟ್ಟುಕೊಂಡು, ಇಲ್ಲಿ ಕೇಳಿದರೆ ಮನೆ ಕೊಡುತ್ತಾರೆಂದು ಯಾರೋ ಹೇಳಿದ್ದನ್ನು ನಂಬಿ ಬಂದಿದ್ದರು. ಗಂಜಿಯಕ್ಕ ನರ್ಸಮ್ಮನ ಬಿಳಿ ಅಂಗಿಯೊಂದನ್ನು ಅವರ ಮುಂದಿಟ್ಟು, ಮಾಡಿ ನೋಡೋಣ ಎಂದರು.

"ನನಗಿಂತ ಚೆನ್ನಾಗಿ ಮಾಡಿದ್ರು. ಕಾಲರ್ ತುದಿಯಿಂದ ಒಳಗಡೆಗೆ ಎಳೆದ್ರು, ಒಂದು ಸುಕ್ಕಿಲ್ಲ. ಅಂಥ ಕೈ ಸುಮ್ನೆ ಕೂತ್ಕೋಬಾರ್ದು."

ಎರಡು ದಿನ ಬಿಟ್ಟು ಬನ್ನಿ ಎಂದು ಕಳಿಸಿ, ಗಂಜಿಯಕ್ಕ ವ್ಯಾನಿನವನ ಅಂಗಡಿಗೆ ನಡೆದರು. ಅಲ್ಲಿಯವರೆಗೆ ಅವನ ಮೆಟ್ಟಿಲು ಹತ್ತಿದವರಲ್ಲ. ತಮಗಾಗಿ ಕೇಳುವ ಹಾಗೂ ಇರಲಿಲ್ಲ, ಕೊಟ್ಟವರು ಕೈಚಾಚಬಾರದು. ಇದು ಬೇರೆಯವರ ಸಲುವಾಗಿ. ಅವನು ಕಂಡ ಕೂಡಲೇ ಎದ್ದು ನಿಂತ, ತನ್ನ ಕುರ್ಚಿಯನ್ನೇ ಕೊಟ್ಟ. ಹೊಸಬರು ಬಂದಿದ್ದಾರೆ, ನೀನೂ ಒಂದು ಮನೆ ಬಿಟ್ಟುಕೊಡು ಎಂದು ಇವರು ಹೇಳಿದಾಗ ಮೇಜಿನ ಮೇಲಿದ್ದ ಫೋನ್ ಎತ್ತಿ ತೋರಿಸಿದನಂತೆ.

"ಅಕ್ಕಾ, ನನ್ನ ಹತ್ರ ಮನೆ ಅಂತ ಒಂದೂ ಇಲ್ಲ. ಫೋನಲ್ಲಿ ನಂಬರ್ ಬರುತ್ತೆ, ಡ್ರೈವರ್ ಚೀಲ ತರ್ತಾನೆ. ಯಾರ ಬಟ್ಟೆ ಅಂತ ನಂಗೇ ಗೊತ್ತಿರಲ್ಲ. ಯಾರ ಬಾಗಿಲಲ್ಲಿ ನಿಂತ್ಕೊಂಡು ಇವರು ನನ್ನ ಕೈ ಅನ್ಲಿ?"

ಹಾಗಾದರೆ ಅಂಗಡಿಯಲ್ಲಿ ಕೆಲಸವಾದರೂ ಕೊಡು ಎಂದದ್ದಕ್ಕೆ, ಹೋದ ವಾರವಷ್ಟೇ ಇಬ್ಬರನ್ನು ಬಿಡಿಸಿದೆ ಎಂದ. ಅವನು ಸುಳ್ಳು ಹೇಳುತ್ತಿಲ್ಲ ಎನ್ನುವುದು ಅವರಿಗೆ ತಿಳಿಯಿತು. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು. ನಿಜದ ಎದುರು ಏನು ಮಾಡುವುದು?

ವಾಪಸ್ ಬರುವ ದಾರಿಯುದ್ದಕ್ಕೂ ಐದು ಮನೆಯನ್ನು ಬೆರಳಲ್ಲಿ ಎಣಿಸಿದರು. ನರ್ಸಮ್ಮ, ಬ್ಯಾಂಕಿನ ಕಾವಲುಗಾರ, ವಕೀಲರು, ಅಂಗಡಿ ನಡೆಸುವ ಅಕ್ಕತಂಗಿ, ನಿವೃತ್ತ ಹೆಡ್‌ಮಾಸ್ತರು. ಗಂಡ ಗುಂಡಿ ಹೊಲಿಯುತ್ತಾ, ಹೆಡ್‌ಮಾಸ್ತರ ಮನೆ ಕೊಟ್ಟುಬಿಡು, ನಾನು ಔಷಧಿ ದಿನ ಬಿಟ್ಟು ದಿನ ತಗೊಳ್ತೀನಿ ಎಂದರು. ಆ ಮಾತಿಗೆ ಗಂಜಿಯಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಅವತ್ತಿನ ಔಷಧಿ ತಂದು ಗಂಡನ ಮುಂದೆ ಕುಕ್ಕಿದರು.

ಹೇಳಿದ ದಿನ, ಹೇಳಿದ ಹೊತ್ತಿಗೆ ಆ ಮನುಷ್ಯ ಬಂದರು. ತಲೆ ಬಾಚಿಕೊಂಡು, ತಮ್ಮ ಅಂಗಿಯನ್ನೇ ಗರಿಗರಿಯಾಗಿ ಇಸ್ತ್ರಿ ಮಾಡಿ ಹಾಕಿಕೊಂಡು ಬಂದಿದ್ದರು. ಬಾಗಿಲಲ್ಲಿ ತೋರಿಸುವಾಗ ಚೆನ್ನಾಗಿ ಕಾಣಲಿ ಎಂದಿರಬೇಕು.

"ಇಲ್ಲ ಅಂದೆ. ಇಪ್ಪತ್ತೇಳು ವರ್ಷದಲ್ಲಿ ಅದೇ ಮೊದಲ್ನೇ ಸಲ ನನ್ನ ಬಾಯಲ್ಲಿ ಆ ಮಾತು ಬಂದಿದ್ದು. ಪರವಾಗಿಲ್ಲಮ್ಮ ಅಂತ ಹೇಳಿ, ಚೀಲ ಎತ್ಕೊಂಡು ಹೋದ್ರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."

ಇದನ್ನು ಹೇಳುವಾಗ ಅವರ ಮುಖದ ತುಂಬ ನಾಚಿಕೆ. ನಾಚಿಕೆಪಡಬೇಕಾದವರು ಅವರೇ ಏನು ಎಂದು ಕೇಳಬೇಕೆನಿಸುತ್ತದೆ, ಆದರೆ ಇನ್ನಾರು ಎಂದು ಅವರು ತಿರುಗಿ ಕೇಳಿದರೆ ಹೇಳಲು ಒಂದು ಹೆಸರೂ ಹೊಳೆಯುವುದಿಲ್ಲ. ಆ ಮನುಷ್ಯ ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಗಂಡ ಎರಡು ಬೀದಿ ಆಚೆಯವರೆಗೆ ಕೂತು ಕೂತು ನಡೆದು ವಿಚಾರಿಸಿ ಬಂದಿದ್ದಾರೆ.

ನರ್ಸಮ್ಮನ ಬಟ್ಟೆ ಮುಗಿಯುವ ಹೊತ್ತಿಗೆ ಬೆಳಕು ಮೆಟ್ಟಿಲ ಕೆಳಗೂ ಬಂದಿದೆ. ಪತ್ರಿಕೆಯಲ್ಲಿ ಬರುತ್ತದಲ್ಲ, ನಿಮ್ಮದೊಂದು ಆಸೆ ಹೇಳಿ ಎಂದು ಕೇಳಿದರೆ, ಗಂಜಿಯಕ್ಕ ಪೆಟ್ಟಿಗೆ ಕೆಳಗಿಟ್ಟು, ನಾವು ಬರೆದುಕೊಳ್ಳುತ್ತಿರುವ ಪುಸ್ತಕವನ್ನು ನೋಡುತ್ತಾರೆ.

"ಹದಿನಾಲ್ಕು ಮನೆ ಕೊಟ್ಟೆ ಅಂತ ಬರ್ಕೊಂಡ್ರಲ್ಲ, ಅದರ ಪಕ್ಕದಲ್ಲೇ ಇದನ್ನೂ ಬರೀರಿ. ಹದಿನೈದನೆಯವರಿಗೆ ಇಲ್ಲ ಅಂದ್ಲು ಅಂತ. ಎಲ್ಲಾದ್ರೂ ಕೂತು ಅವರು ಇದನ್ನ ಓದ್ಬಹುದು. ನಾನು ಒಳ್ಳೆಯವಳು ಅಂತ ಮಾತ್ರ ಬರೆದಿದ್ರೆ, ಅವರಿಗೆ ಹೇಗಾಗ್ಬೇಡ?"